ಆ 1.5 ಟೆಸ್ಲಾ ಅಂತ ತೀರ್ಮಾನ ಮಾಡಿದ್ದು ಯಾರು?

ಯಾವುದಾದರೂ ದೊಡ್ಡ ಸ್ಕ್ಯಾನಿಂಗ್ ಸೆಂಟರ್ ಮುಂದೆ ನಿಂತು ಬೋರ್ಡ್ ಓದಿ. ‘1.5 ಟೆಸ್ಲಾ ಎಂಆರ್‌ಐ’ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಒಳಗೆ ಹೋಗುವವರಿಗೆ ಬಿಲ್ಲಿನ ಚಿಂತೆ, ರಿಪೋರ್ಟಿನ ಭಯ. ಈ ಟೆಸ್ಲಾ ಅಂದರೇನು, ಅದು ಒಂದೂವರೆಯೇ ಯಾಕೆ ಅಂತ ಯಾರು ಕೇಳುತ್ತಾರೆ? ನಾನು ಕೇಳುತ್ತಾ ಹೋದೆ. ಸಿಕ್ಕಿದ್ದು ಒಂದು ಕಂಪನಿ ಮತ್ತು ಅದಕ್ಕೆ ಸಲಹೆ ಕೊಟ್ಟ ವಿಜ್ಞಾನಿಗಳ ಕಥೆ. ನಾವು ಟಿವಿಯವರು ದಿನಾ ರಾತ್ರಿ ನಾಲ್ಕು ಜನ ತಜ್ಞರನ್ನು ಕೂರಿಸಿಕೊಂಡು ಮಾತಾಡಿಸುತ್ತೇವಲ್ಲ, ಅವರ ಮಾತು ಸುಳ್ಳಾದರೆ ಮರುದಿನ ಯಾರ ಗಂಟೂ ಹೋಗುವುದಿಲ್ಲ. ಇಲ್ಲಿ ಹಾಗಿರಲಿಲ್ಲ.

ಮೊದಲು ಆ ಯಂತ್ರ ಏನು ಮಾಡುತ್ತೆ ನೋಡೋಣ. ನಮ್ಮ ದೇಹದಲ್ಲಿ ಹೆಚ್ಚಿನ ಪಾಲು ನೀರು. ನೀರಿನಲ್ಲಿ ಹೈಡ್ರೋಜನ್ ಇದೆ. ಅದರ ಒಂದೊಂದು ನ್ಯೂಕ್ಲಿಯಸ್ಸೂ ಪುಟಾಣಿ ಅಯಸ್ಕಾಂತ ಇದ್ದ ಹಾಗೆ. ಸುತ್ತ ದೊಡ್ಡ ಮ್ಯಾಗ್ನೆಟ್ ಇಟ್ಟು, ಸರಿಯಾದ ಫ್ರೀಕ್ವೆನ್ಸಿಯ ರೇಡಿಯೋ ತರಂಗ ಬಿಟ್ಟರೆ ಇವು ಅಲುಗುತ್ತವೆ, ತಾವೂ ಸಣ್ಣದಾಗಿ ಒಂದು ಸಿಗ್ನಲ್ ಕೊಡುತ್ತವೆ. ಅದನ್ನು ಹಿಡಿದು ಕಂಪ್ಯೂಟರ್ ಚಿತ್ರ ಮಾಡುತ್ತೆ. ಮ್ಯಾಗ್ನೆಟ್‌ನ ಬಲವನ್ನು ಅಳೆಯೋದು ಟೆಸ್ಲಾದಲ್ಲಿ. ಒಂದೂವರೆ ಟೆಸ್ಲಾ ಅಂದರೆ ಭೂಮಿಯ ಕಾಂತಬಲದ ಸುಮಾರು 30,000 ಪಟ್ಟು. ಮ್ಯಾಗ್ನೆಟ್ ಬಲ ಏರಿದಷ್ಟೂ ಸಿಗ್ನಲ್ ಜೋರು, ಚಿತ್ರ ಸ್ಪಷ್ಟ. ಹಾಗಾದರೆ ಏರಿಸುತ್ತಾ ಹೋಗಬಹುದಲ್ಲ?

ತೊಡಕು ಇರೋದೇ ಅಲ್ಲಿ. ಮ್ಯಾಗ್ನೆಟ್ ಬಲ ಏರಿದರೆ ರೇಡಿಯೋ ಫ್ರೀಕ್ವೆನ್ಸಿಯನ್ನೂ ಏರಿಸಬೇಕು. 1 ಟೆಸ್ಲಾಗೆ 42.58 ಮೆಗಾಹರ್ಟ್ಸ್, 1.5ಕ್ಕೆ ಸುಮಾರು 64. ಫ್ರೀಕ್ವೆನ್ಸಿ ಹೆಚ್ಚಾದರೆ ತರಂಗ ದೇಹದ ಆಳಕ್ಕೆ ಸರಿಯಾಗಿ ಇಳಿಯೋದಿಲ್ಲ, ದೇಹ ಬಿಸಿಯಾಗುತ್ತೆ. 1978ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಪಾಲ್ ಬಾಟಮ್ಲಿ ಮತ್ತು ರೇಮಂಡ್ ಆಂಡ್ರೂ ಇದನ್ನೇ ಲೆಕ್ಕ ಹಾಕಿ ಪ್ರಕಟಿಸಿದರು. ಬಹಳಷ್ಟು ವಿಜ್ಞಾನಿಗಳು, ಜಾಸ್ತಿ ಬಲದ ಮ್ಯಾಗ್ನೆಟ್‌ನಲ್ಲಿ ಮನುಷ್ಯನ ಚಿತ್ರ ತೆಗೆಯೋ ಆಸೆ ಬಿಡಿ ಅನ್ನುತ್ತಿದ್ದ ಕಾಲ ಅದು.

ಈಗ ಬರೋದು ಅಮೆರಿಕದ ಜನರಲ್ ಎಲೆಕ್ಟ್ರಿಕ್, ಅಂದರೆ ಜಿಇ. ಈ ಕಂಪನಿ 1980ರಲ್ಲಿ ಕೆಲಸಕ್ಕೆ ಕರೆದುಕೊಂಡಿದ್ದು ಯಾರನ್ನು ಗೊತ್ತಾ? ಕಷ್ಟ ಅಂತ ಲೆಕ್ಕ ಹಾಕಿದ್ದ ಅದೇ ಬಾಟಮ್ಲಿಯನ್ನು! ಜೊತೆಗೆ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಚಿತ್ರ ತೆಗೆಯುವ ಹೊಸ ವಿಧಾನ ರೂಪಿಸಿದ ತಂಡದಲ್ಲಿದ್ದ ವಿಲಿಯಂ ಎಡೆಲ್‌ಸ್ಟೀನ್‌ರನ್ನೂ ಕರೆತಂದರು. ‘ಆಗುತ್ತೆ ಸಾರ್’ ಅನ್ನುವವರನ್ನು ಹುಡುಕಿ ಸುತ್ತ ಕೂರಿಸಿಕೊಳ್ಳೋದು ಎಲ್ಲ ಯಜಮಾನರಿಗೂ ಸುಲಭ. ತೊಂದರೆ ಎಲ್ಲಿದೆ ಅಂತ ಗೊತ್ತಿರುವವನನ್ನು ಸಂಬಳ ಕೊಟ್ಟು ಕರೆಯೋದು ಅಪರೂಪ.

ಈ ತಂಡಕ್ಕೆ ಜೋರಾದ ಮ್ಯಾಗ್ನೆಟ್ಟೇ ಬೇಕಿತ್ತು. ಯಾಕಂದರೆ ಅವರಿಗೆ ಚಿತ್ರದ ಜೊತೆಗೆ ದೇಹದೊಳಗಿನ ಫಾಸ್ಫರಸ್‌ನ ರಸಾಯನವನ್ನೂ ಓದಬೇಕಿತ್ತು, ಅದರ ಸಿಗ್ನಲ್ ತೀರಾ ಕ್ಷೀಣ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಇನ್‌ಸ್ಟ್ರುಮೆಂಟ್ಸ್‌ನಿಂದ 1.5 ಟೆಸ್ಲಾ ಮ್ಯಾಗ್ನೆಟ್ ತರಿಸಿದರು. 1982ರ ಅಕ್ಟೋಬರ್‌ನ ಒಂದು ರಾತ್ರಿ, ನ್ಯೂಯಾರ್ಕ್ ರಾಜ್ಯದ ನಿಸ್ಕಯೂನಾದಲ್ಲಿರುವ ಪ್ರಯೋಗಾಲಯದಲ್ಲಿ ತಂಡದ ಜಾನ್ ಶೆಂಕ್ ತಾವೇ ಅದರೊಳಗೆ ಮಲಗಿದರು. ಇವರು ಭೌತವಿಜ್ಞಾನಿಯೂ ಹೌದು, ಡಾಕ್ಟರೂ ಹೌದು. ಅಷ್ಟು ಬಲದ ಮ್ಯಾಗ್ನೆಟ್‌ನಲ್ಲಿ ಮನುಷ್ಯನಿಗೆ ಏನಾಗುತ್ತೆ ಅಂತ ಆಗ ಖಚಿತವಾಗಿ ಹೇಳುವವರಿರಲಿಲ್ಲ. ನರ್ಸ್ ಆಗಿದ್ದ ಅವರ ಹೆಂಡತಿ, ಹೆಚ್ಚುಕಮ್ಮಿಯಾದರೆ ಹೊರಗೆಳೆಯೋಣ ಅಂತ ಪಕ್ಕದಲ್ಲೇ ನಿಂತಿದ್ದರು. ಏನೂ ಆಗಲಿಲ್ಲ. ಮಿದುಳಿನ ಚಿತ್ರ ಬಂತು, ಸೊಗಸಾಗಿ ಬಂತು.

ಆದರೆ ಪ್ರಯೋಗಾಲಯದಲ್ಲಿ ಗೆದ್ದಿದ್ದೆಲ್ಲ ಮಾರುಕಟ್ಟೆಗೆ ಬರುತ್ತಾ? ಪ್ರತಿಸ್ಪರ್ಧಿ ಕಂಪನಿಗಳಿಗೂ ತಜ್ಞರಿದ್ದರು. ಸ್ಯಾನ್‌ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಡಯಾಸಾನಿಕ್ಸ್ ಅನ್ನೋ ಕಂಪನಿಯ ಜೊತೆ ಸೇರಿ 0.35 ಟೆಸ್ಲಾ ಯಂತ್ರ ಮಾಡಿದ್ದರು, ಅಷ್ಟು ಸಾಕು ಅನ್ನೋದು ಅವರ ವಾದ. ವರ್ಷಗಟ್ಟಲೆ ಜಗಳ ನಡೆಯಿತು. ಎರಡೂ ಕಡೆ ವಿಜ್ಞಾನ ಇತ್ತು, ಎರಡೂ ಕಡೆ ಕಂಪನಿಯ ಹಣವೂ ಇತ್ತು. ಇದನ್ನು ಮರೆತು ಬರೀ ವಿಜ್ಞಾನದ ಚರ್ಚೆ ಅಂದುಕೊಂಡರೆ ಅರ್ಧ ಕಥೆ ಕೇಳಿದ ಹಾಗೆ. ಕೊನೆಗೆ ಜಿಇಯ ವೈದ್ಯಕೀಯ ವಿಭಾಗದ ಮುಖ್ಯಸ್ಥ ವಾಲ್ಟರ್ ರಾಬ್ ತಮ್ಮ ತಂಡದ ಮೇಲೆ ಬಾಜಿ ಕಟ್ಟಿದರು. 1.5 ಟೆಸ್ಲಾದ ‘ಸಿಗ್ನಾ’ ಬಂತು. ಮುಂದೆ ಬಹುಪಾಲು ಆಸ್ಪತ್ರೆಗಳಿಗೆ ಅದೇ ಅಳತೆಯಾಯಿತು.

ಸಲಹೆ ಉಲ್ಟಾ ಹೊಡೆದ ಕಥೆಯೂ ಇದೇ ಕ್ಷೇತ್ರದಲ್ಲಿದೆ. ಎಂಆರ್‌ಐ ಚಿತ್ರದ ಮೂಲ ಉಪಾಯ ಕೊಟ್ಟಿದ್ದು ನ್ಯೂಯಾರ್ಕ್‌ನ ಸ್ಟೋನಿಬ್ರೂಕ್ ವಿಶ್ವವಿದ್ಯಾಲಯದ ಪಾಲ್ ಲಾಟರ್‌ಬರ್, 2003ರಲ್ಲಿ ನೊಬೆಲ್ ಹಂಚಿಕೊಂಡವರು. ಪೇಟೆಂಟ್ ಮಾಡಿಸೋಣ ಅಂದರೆ, ಅದರ ಖರ್ಚೂ ಹುಟ್ಟೋದಿಲ್ಲ ಅಂತ ವಿಶ್ವವಿದ್ಯಾಲಯ ಕೈಬಿಟ್ಟಿತು. ಇನ್ನೊಬ್ಬ ವಿಜ್ಞಾನಿ ರೇಮಂಡ್ ದಮಾಡಿಯನ್ ಪೇಟೆಂಟ್ ಇಟ್ಟುಕೊಂಡರು, ಫೋನಾರ್ ಅನ್ನೋ ಕಂಪನಿ ಕಟ್ಟಿದರು, ಕೋರ್ಟಿಗೆ ಹೋದರು. 1997ರಲ್ಲಿ ಜಿಇ ಅವರ ಕಂಪನಿಗೆ ತೆತ್ತಿದ್ದು 12.87 ಕೋಟಿ ಡಾಲರ್. ಖರ್ಚು ಹುಟ್ಟೋದಿಲ್ಲ ಅಂದವರು ಆ ಮೊತ್ತ ಕೇಳಿ ಏನಂದುಕೊಂಡರೋ!

ಹಾಗಾದರೆ 1978ರ ಲೆಕ್ಕ ಸುಳ್ಳಾಯಿತಾ? ಇಲ್ಲ. ಒಂದೂವರೆ ಟೆಸ್ಲಾದಲ್ಲಿ ಒಳ್ಳೆಯ ಕಾಯಿಲ್ ಸುತ್ತಿ ಅದನ್ನು ನಿಭಾಯಿಸಿದರು, ಅಷ್ಟೇ. ಈಗ 3 ಟೆಸ್ಲಾ ಯಂತ್ರದಲ್ಲಿ ಹೊಟ್ಟೆಯ ಸ್ಕ್ಯಾನ್ ತೆಗೆದರೆ ಅಲ್ಲಲ್ಲಿ ಕಪ್ಪು ಛಾಯೆ ಕಾಣೋದುಂಟು, ರೇಡಿಯೋ ತರಂಗ ಒಳಗೆಲ್ಲ ಒಂದೇ ಸಮ ಹರಡದೆ ಆಗೋ ಕಿರಿಕಿರಿ ಅದು. ಇನ್ನು ಬಿಸಿಯ ವಿಷಯ. ಎಂಆರ್‌ಐಗೆ ಮಲಗಿಸುವ ಮೊದಲು ಟೆಕ್ನಿಷಿಯನ್ ‘ನಿಮ್ಮ ತೂಕ ಎಷ್ಟು?’ ಅಂತ ಕೇಳಿ ಕಂಪ್ಯೂಟರಿಗೆ ಹಾಕುತ್ತಾರೆ, ಗಮನಿಸಿದ್ದೀರಾ? ಸುಮ್ಮನೆ ಕೇಳೋದಲ್ಲ. ನಿಮ್ಮ ಒಂದೊಂದು ಕಿಲೋ ಮೈಗೆ ಎಷ್ಟು ರೇಡಿಯೋ ಶಕ್ತಿ ಹೋದರೆ ಮಿತಿ ದಾಟೋದಿಲ್ಲ ಅಂತ ಯಂತ್ರ ಲೆಕ್ಕ ಹಾಕೋದು ಆ ತೂಕದಿಂದಲೇ. ಸರಿಯಾದ ತೂಕ ಹೇಳಿ.