ವಾನರಗಣದ ಡಿ.ಎನ್.ಎ.ಯಲ್ಲಿ ಪ್ರಕ್ಷಿಪ್ತ ಪಾಠಗಳು

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಜೀವಶಾಸ್ತ್ರದ ವಿಷಯವೇಕೆಂದು ವಾಚಕರು ಶಂಕಿಸುವುದು ಸಹಜ. ಪ್ರತಿ ಮಾಡಿದ ಗ್ರಂಥದಲ್ಲಿ ನಡುವೆ ಸೇರಿಕೊಂಡ ಪಾಠವನ್ನು ಗುರುತಿಸುವುದು, ಅದರ ಕಾಲವನ್ನು ನಿರ್ಣಯಿಸುವುದು, ಅದರ ಆಧಾರದಿಂದ ಪ್ರತಿಗಳ ವಂಶವೃಕ್ಷವನ್ನು ರಚಿಸುವುದು ನಮ್ಮ ಶಾಸ್ತ್ರದ ನಿತ್ಯಕಾರ್ಯ. ಇದೇ ಕ್ರಮವು ಇಂದು ಜೀವಿಗಳ ಡಿ.ಎನ್.ಎ.ಗೂ ಅನ್ವಯವಾಗುತ್ತಿರುವುದರಿಂದ ಅದರ ಪರಿಚಯವನ್ನು ಇಲ್ಲಿ ಸಂಕ್ಷೇಪವಾಗಿ ಮಾಡಿಕೊಡಲು ಯತ್ನಿಸುತ್ತೇವೆ.

ಹಾವೇರಿ ಜಿಲ್ಲೆಯ ಮಾಸೂರು, ಅಬಲೂರುಗಳೊಡನೆ ಜನರು ಹೆಸರು ಕೂಡಿಸುವ ಸರ್ವಜ್ಞನ ತ್ರಿಪದಿಗಳನ್ನು ಉತ್ತಂಗಿ ಚನ್ನಪ್ಪನವರು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. ಸರ್ವಜ್ಞನ ಅಂಕಿತದಲ್ಲಿ ಅನ್ಯರು ಕಟ್ಟಿದ ಪದ್ಯಗಳೂ ಬಳಕೆಯಲ್ಲಿರುವುದು ಎಲ್ಲರಿಗೂ ತಿಳಿದ ಮಾತು. ಎರಡು ಓಲೆಪ್ರತಿಗಳಲ್ಲಿ ಒಂದೇ ಸ್ಥಳದಲ್ಲಿ ಒಂದೇ ಪ್ರಕ್ಷಿಪ್ತ ಪದ್ಯವು ದೊರೆತರೆ, ಅವೆರಡೂ ಒಂದೇ ಮಾತೃಕೆಯಿಂದ ಇಳಿದವೆಂದು ನಾವು ಊಹಿಸುತ್ತೇವೆ. ಇಬ್ಬರು ಲಿಪಿಕಾರರು ಪರಸ್ಪರ ಅರಿಯದೆ ಅದೇ ಜಾಗದಲ್ಲಿ ಅದೇ ಪದ್ಯವನ್ನು ಸೇರಿಸಿದರೆಂಬುದು ದುರ್ಬಲ ವಾದ. ಈ ನ್ಯಾಯವನ್ನು ವಾಚಕರು ಮುಂದಿನ ಮಾತುಗಳಿಗೂ ನೆನಪಿನಲ್ಲಿಡಬೇಕು.

ಡಿ.ಎನ್.ಎ. ಎಂಬುದು ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದನೆಯ ಗ್ರಂಥ. ಅದರಲ್ಲಿ ಕೆಲವು ತುಣುಕುಗಳು ತಮ್ಮ ಸ್ಥಾನವನ್ನು ಬಿಟ್ಟು ಬೇರೆಡೆಗೆ ಹೋಗಬಲ್ಲವು. ಮತ್ತೆ ಕೆಲವು ತಮ್ಮ ನಕಲನ್ನು ಬೇರೆಡೆ ನೆಡಬಲ್ಲವು. ಇವುಗಳನ್ನು ಚಲನಶೀಲ ಅಂಶಗಳೆಂದು ಕರೆಯಬಹುದು. ಇವು ಮೊದಲು ಗೋಚರವಾದದ್ದು ರಾಣೆಬೆನ್ನೂರಿನ ರೈತರಿಗೆ ಚಿರಪರಿಚಿತವಾದ ಗೋವಿನಜೋಳದಲ್ಲಿ. ತೆನೆಯ ಕಾಳುಗಳ ಮೇಲಿನ ಬಣ್ಣದ ಚುಕ್ಕೆಗಳು ಏಕೆ ಬದಲಾಗುವುವೆಂದು ಪರೀಕ್ಷಿಸುತ್ತಿದ್ದ ಅಮೆರಿಕದ ಬಾರ್ಬರಾ ಮೆಕ್ಲಿಂಟಾಕ್ ಎಂಬ ವಿದುಷಿ 1940ರ ದಶಕದಲ್ಲಿ ಇವನ್ನು ಕಂಡರು. ಅವರ ವಾದವನ್ನು ವಿದ್ವಾಂಸರು ಬಹುಕಾಲ ಒಪ್ಪಲಿಲ್ಲ. ನೊಬೆಲ್ ಪಾರಿತೋಷಕವು 1983ರಲ್ಲಿ ಸಂದಿತು. ಗೋವಿನಜೋಳದ ಡಿ.ಎನ್.ಎ.ಯಲ್ಲಿ ನೂರಕ್ಕೆ ಸುಮಾರು 85 ಪಾಲು ಇಂತಹ ಅಂಶಗಳೇ ಎಂದು 2009ರಲ್ಲಿ ತಿಳಿದುಬಂದಿತು. ಬ್ಯಾಡಗಿಯ ಪೇಟೆಗೆ ಕೀರ್ತಿ ತಂದ ಮೆಣಸಿನಕಾಯಿಯ ಜಾತಿಯದೂ ಇದೇ ಕಥೆ. ಅದರ ಡಿ.ಎನ್.ಎ.ಯನ್ನು 2014ರಲ್ಲಿ ಓದಿದಾಗ ನಾಲ್ಕರಲ್ಲಿ ಮೂರು ಪಾಲಿಗೂ ಮಿಗಿಲಾಗಿ ಇವೇ ಕಂಡುಬಂದವು. ಮೆಣಸಿನ ಗ್ರಂಥವು ಅದರ ದಾಯಾದಿಯಾದ ಟೊಮೇಟೊವಿನ ಗ್ರಂಥಕ್ಕಿಂತ ಮೂರು ಪಟ್ಟಿಗೂ ಹೆಚ್ಚು ದೊಡ್ಡದಾಗಿರುವುದಕ್ಕೆ ಮುಖ್ಯ ಕಾರಣ ಇದೇ.

ಈಗ ನಮ್ಮ ಪ್ರಧಾನ ವಿಷಯವಾದ ವಾನರಗಣಕ್ಕೆ ಬರೋಣ. ಮನುಷ್ಯನ ಗ್ರಂಥದಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಪ್ರೋಟೀನುಗಳನ್ನು ನೇರವಾಗಿ ವಿಧಿಸುವ ಭಾಗವು ನೂರಕ್ಕೆ 2ಕ್ಕಿಂತಲೂ ಕಡಮೆ. ಚಲನಶೀಲ ಅಂಶಗಳೂ ಅವುಗಳ ಅವಶೇಷಗಳೂ ಹೆಚ್ಚುಕಡಮೆ ಅರ್ಧದಷ್ಟಿವೆ. ಇವುಗಳಲ್ಲಿ ವಾನರಗಣಕ್ಕೆ ಮಾತ್ರ ಸೇರಿದ ‘ಆಲು’ ಎಂಬುದು ಸುಮಾರು 300 ಅಕ್ಷರಗಳ ತುಣುಕು. ಇದರ 10 ಲಕ್ಷಕ್ಕೂ ಹೆಚ್ಚು ಪ್ರತಿಗಳು ನಮ್ಮ ಪ್ರತಿಯೊಂದು ಜೀವಕೋಶದಲ್ಲಿಯೂ ಇವೆ. ಹಾವೇರಿಯ ಮಾಳಿಗೆಗಳ ಮೇಲೆ ಓಡಾಡುವ ಮಂಗನಲ್ಲಿಯೂ, ಕರಿಮುಖದ ಮುಸುವನಲ್ಲಿಯೂ ಆಲು ಉಂಟು. ಅವುಗಳಲ್ಲಿ ಬಹುಸಂಖ್ಯೆಯವು ನಮ್ಮಲ್ಲಿರುವ ಸ್ಥಾನಗಳಲ್ಲಿಯೇ ಇವೆ. ಓಲೆಪ್ರತಿಗಳ ನ್ಯಾಯದಂತೆ ಇದು ಸಮಾನ ಪೂರ್ವಜರಿಗೆ ಬಲವಾದ ಸಾಕ್ಷಿ.

ಸೇರಿದ ತುಣುಕು ವಂಶವಾಹಿಯ ಅರ್ಥವನ್ನೇ ಬದಲಿಸಿದ್ದಕ್ಕೆ ಎರಡು ನಿದರ್ಶನಗಳನ್ನು ಕೊಡಬಹುದು. ಮೊದಲನೆಯದು ‘ಸೆಟ್‌ಮಾರ್’ ಎಂಬ ವಂಶವಾಹಿ. ಸುಮಾರು 4 ರಿಂದ 6 ಕೋಟಿ ವರ್ಷಗಳ ಹಿಂದೆ ಒಂದು ಹಳೆಯ ವಂಶವಾಹಿಯ ಪಕ್ಕಕ್ಕೆ ‘ಮಾರಿನರ್’ ಜಾತಿಯ ಚಲನಶೀಲ ಅಂಶವೊಂದು ಬಂದು ಬಿದ್ದಿತು. ಕ್ರಮೇಣ ಎರಡೂ ಕೂಡಿ ಒಂದೇ ವಂಶವಾಹಿಯಾದವು. ಮಂಗ, ಮುಸುವ, ಮನುಷ್ಯ ಮೂವರಲ್ಲಿಯೂ ಈ ಸಂಯುಕ್ತ ಪಾಠವಿದೆ. ಅದೇ ಗಣದ ಇನ್ನೊಂದು ಶಾಖೆಗೆ ಸೇರಿದ ನಮ್ಮ ಕಾಡುಪಾಪನಲ್ಲಿ ಇಲ್ಲ. ಶಾಖೆಗಳು ಅಗಲಿದ ಮೇಲೆ ಈ ಪಾಠ ಸೇರಿತೆಂದು ಇದರಿಂದ ಸಿದ್ಧವಾಗುತ್ತದೆ.

ಎರಡನೆಯದು ಬಾಲದ ಪ್ರಶ್ನೆ. ಮಂಗನಿಗೂ ಮುಸುವನಿಗೂ ನೀಳವಾದ ಬಾಲವಿದೆ. ಗಿಬ್ಬನ್, ಚಿಂಪಾಂಜಿ, ಮನುಷ್ಯರಿಗೆ ಇಲ್ಲ. ಈ ಎರಡು ಶಾಖೆಗಳು ಅಗಲಿ ಸುಮಾರು 2½ ಕೋಟಿ ವರ್ಷಗಳಾದುವು. ಬಾಲದ ಬೆಳವಣಿಗೆಗೆ ಬೇಕಾದ ‘ಟಿ.ಬಿ.ಎಕ್ಸ್.ಟಿ.’ ಎಂಬ ವಂಶವಾಹಿಯೊಳಗೆ ಬಾಲವಿಲ್ಲದ ಶಾಖೆಯಲ್ಲಿ ಮಾತ್ರ ಒಂದು ಆಲು ಸೇರಿಕೊಂಡಿರುವುದನ್ನು 2024ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು. ಅಲ್ಲಿಯೇ ಸಮೀಪದಲ್ಲಿ, ವಿರುದ್ಧ ದಿಕ್ಕಿನಲ್ಲಿ, ಇನ್ನೊಂದು ಹಳೆಯ ಆಲು ಇದ್ದಿತು. ವಂಶವಾಹಿಯ ನಕಲು ತೆಗೆಯುವಾಗ ಇವೆರಡೂ ಒಂದಕ್ಕೊಂದು ಅಂಟಿ ಕುಣಿಕೆಯಾಗುತ್ತವೆ. ಕುಣಿಕೆಯೊಳಗೆ ಸಿಕ್ಕಿದ ಪಾಠಭಾಗವು ಕೆಲವು ನಕಲುಗಳಲ್ಲಿ ಬಿಟ್ಟುಹೋಗುತ್ತದೆ. ಇಲಿಗಳಲ್ಲಿ ಇಂತಹ ಮೊಟಕು ಪಾಠವನ್ನು ಉಂಟುಮಾಡಿದಾಗ ಬಾಲಗಳು ಗಿಡ್ಡವಾದವು, ಕೆಲವಕ್ಕೆ ಬಾಲವೇ ಇಲ್ಲವಾಯಿತು. ಆದರೆ ಕೆಲವು ಭ್ರೂಣಗಳಲ್ಲಿ ಬೆನ್ನುಹುರಿಯ ನಾಳವು ಸರಿಯಾಗಿ ಮುಚ್ಚಿಕೊಳ್ಳದ ದೋಷವೂ ಕಂಡಿತು. ಬಾಲಹೀನತೆಗೆ ನಮ್ಮ ಪೂರ್ವಜರು ಬೆಲೆ ತೆತ್ತಿರಬಹುದೆಂದು ಸಂಶೋಧಕರು ಊಹಿಸುತ್ತಾರೆ.

ಇಂತಹ ಸೇರ್ಪಡೆಗಳು ಗತಕಾಲದೊಡನೆ ಮುಗಿದುವೆಂದು ಭಾವಿಸಲಾಗದು. ರಕ್ತ ಹೆಪ್ಪುಗಟ್ಟಲು ಬೇಕಾದ ವಂಶವಾಹಿಯೊಂದರಲ್ಲಿ ‘ಎಲ್1’ ಎಂಬ ಚಲನಶೀಲ ಅಂಶವು ಹೊಸದಾಗಿ ಹೊಕ್ಕು ಇಬ್ಬರು ರೋಗಿಗಳಿಗೆ ಹೀಮೊಫಿಲಿಯಾ ಉಂಟಾದುದು 1988ರಲ್ಲಿ ವರದಿಯಾಯಿತು. ಹೆಚ್ಚಿನ ಸೇರ್ಪಡೆಗಳು ಗುಣವನ್ನೂ ಮಾಡುವುದಿಲ್ಲ, ದೋಷವನ್ನೂ ಮಾಡುವುದಿಲ್ಲ; ಕೆಲವು ಕೇಡು ತರುತ್ತವೆ; ಎಲ್ಲಿಯೋ ಒಂದು ಉಪಯೋಗಕ್ಕೆ ಬಂದು ಉಳಿಯುತ್ತದೆ.

ನಮ್ಮ ಹೋಲಿಕೆಗೆ ಒಂದು ಮಿತಿಯುಂಟು. ಪದ್ಯವನ್ನು ಸೇರಿಸಿದ ಲಿಪಿಕಾರನಿಗೆ ಉದ್ದೇಶವಿದ್ದಿತು. ಇಲ್ಲಿ ಲಿಪಿಕಾರನೂ ಇಲ್ಲ, ಉದ್ದೇಶವೂ ಇಲ್ಲ. ಆಕಸ್ಮಿಕವಾಗಿ ಬಂದುದನ್ನು ಜೀವನವು ಆಮೇಲೆ ಪರೀಕ್ಷಿಸುತ್ತದೆ. ಆದರೂ ಇತಿಹಾಸದ ವಿದ್ಯಾರ್ಥಿಗೆ ಇದರಲ್ಲಿ ಒಂದು ಪಾಠವಿದೆ. ಪ್ರಕ್ಷಿಪ್ತಗಳನ್ನೆಲ್ಲ ಕಿತ್ತು ಶುದ್ಧಮೂಲವನ್ನು ಪಡೆಯುವ ಹಂಬಲ ನಮ್ಮಲ್ಲಿ ಬಲವಾಗಿದೆ; ವಂಶಗಳ, ಕುಲಗಳ ವಿಷಯದಲ್ಲಿಯೂ ಇದೇ ಹಂಬಲ ಆಗಾಗ ತಲೆಯೆತ್ತುತ್ತದೆ. ಮನುಷ್ಯನ ಗ್ರಂಥದಿಂದ ಸೇರಿಬಂದುದನ್ನೆಲ್ಲ ತೆಗೆದರೆ ಅರ್ಧ ಹೊತ್ತಿಗೆ ಉಳಿದೀತು. ಅದನ್ನು ಓದಿ ಹುಟ್ಟುವ ಜೀವಿ ಮಾತ್ರ ಮನುಷ್ಯನಾಗಿರಲಾರದು.