ಗಾಡಿ ಜಕ್ಕೂರಿನಲ್ಲಿ, ವಿಮಾನ ಯಲಹಂಕದಲ್ಲಿ

ಕಮ್ಮನಹಳ್ಳಿಯಿಂದ ಯಲಹಂಕ ವಾಯುನೆಲೆಗೆ ಹೊರಟವರು ಹೆಣ್ಣೂರು ಕ್ರಾಸ್, ನಾಗವಾರ, ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆ ಹಿಡಿಯಬೇಕು. ಮಾಮೂಲಿ ದಿನಗಳಲ್ಲೇ ಹೆಬ್ಬಾಳದಲ್ಲಿ ಗಾಡಿಗಳು ತೆವಳುತ್ತವೆ. ವಾಯುನೆಲೆಯಲ್ಲಿ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ಬಂದರೆ ವಿಮಾನ ನಿಲ್ದಾಣಕ್ಕೆ ಹೋಗುವವರೂ ವಿಮಾನ ನೋಡಲು ಹೋಗುವವರೂ ಒಂದೇ ರಸ್ತೆಗೆ ಬೀಳುತ್ತಾರೆ. ಜಲವಾಯು ವಿಹಾರದಲ್ಲಿ ವಾಯುಪಡೆ, ನೌಕಾಪಡೆಯ ನಿವೃತ್ತರ ಮನೆಗಳಿರುವ ಕಮ್ಮನಹಳ್ಳಿ ಭಾಗದವರಿಗೆ ಆ ಪ್ರದರ್ಶನ ದೂರದ ಸಂಗತಿಯೇನಲ್ಲ.

ಅಲ್ಲಿ ಪಾರ್ಕಿಂಗ್ ಎಂದರೆ ಬರೀ ಜಾಗದ ಪ್ರಶ್ನೆಯಲ್ಲ ಎಂಬುದು 2019ರ ಫೆಬ್ರುವರಿ 23ರಂದು ಗೊತ್ತಾಯಿತು. ಅಂದು ಶನಿವಾರ, ಜನವೋ ಜನ. ಬೇಸಿಗೆಗೆ ಒಣಗಿದ ಹುಲ್ಲಿನ ಮೈದಾನದಲ್ಲಿ ಕಾರುಗಳು ಒತ್ತೊತ್ತಾಗಿ ನಿಂತಿದ್ದವು. ಹೊತ್ತಿದ ಬೆಂಕಿ ಬೀಸುವ ಗಾಳಿಗೆ ಸಾಲಿನಿಂದ ಸಾಲಿಗೆ ಹಬ್ಬಿ ಸುಮಾರು 300 ಕಾರುಗಳನ್ನು ಸುಟ್ಟಿತು. ಪ್ರಾಣಹಾನಿಯಾಗಲಿಲ್ಲ ಎಂಬುದೇ ದೊಡ್ಡ ಸಮಾಧಾನ. ಹುಲ್ಲು ಕೊಯ್ಯುವುದು, ಸಾಲುಗಳ ನಡುವೆ ಅಗ್ನಿಶಾಮಕ ವಾಹನ ನುಗ್ಗುವಷ್ಟು ದಾರಿ ಬಿಡುವುದು ಪಾರ್ಕಿಂಗ್ ವ್ಯವಸ್ಥೆಯ ಮೊದಲ ಕೆಲಸ. ಗೇಟಿನಲ್ಲಿ ಚೀಟಿ ಹರಿಯುವುದು ಆಮೇಲಿನದು.

2025ರ ಫೆಬ್ರುವರಿ 10ರಿಂದ 14ರವರೆಗೆ ನಡೆದ ಪ್ರದರ್ಶನಕ್ಕೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ ಮತ್ತು ಜಕ್ಕೂರಿನಲ್ಲಿ ಉಚಿತ ಪಾರ್ಕಿಂಗ್ ಕೊಟ್ಟು, ಅಲ್ಲಿಂದ ಬಿಎಂಟಿಸಿ ಶಟಲ್ ಬಸ್ಸು ಓಡಿಸಲಾಯಿತು. ಮೈಸೂರಿನಲ್ಲೂ ಆಷಾಢ ಶುಕ್ರವಾರಗಳಂದು ಇದೇ ಕ್ರಮ: ಗಾಡಿಯನ್ನು ಲಲಿತಮಹಲ್ ಹೆಲಿಪ್ಯಾಡ್ ಮೈದಾನದಲ್ಲಿ ಬಿಟ್ಟು, ಚಾಮುಂಡಿ ಬೆಟ್ಟಕ್ಕೆ ಕೆಎಸ್‌ಆರ್‌ಟಿಸಿ ಬಸ್ಸು ಹತ್ತುವುದು.

ಈ ಶಟಲ್ ವ್ಯವಸ್ಥೆಯ ಲೆಕ್ಕ ಸರಳ, ಆದರೆ ಕಠಿಣ. ಗಂಟೆಗೆ 5,000 ಜನರನ್ನು ಸಾಗಿಸಬೇಕು, ಬಸ್ಸಿಗೆ 50 ಜನ ಎಂದುಕೊಳ್ಳಿ. ಗಂಟೆಗೆ 100 ಟ್ರಿಪ್ ಆಯಿತು. ಹೋಗಿ ಬರಲು 40 ನಿಮಿಷ ಹಿಡಿದರೆ 67 ಬಸ್ಸು ಬೇಕು. ಅದೇ ಬಸ್ಸುಗಳು ಕಾರುಗಳ ಸಾಲಿನಲ್ಲಿ ಸಿಕ್ಕಿಬಿದ್ದು 80 ನಿಮಿಷವಾದರೆ ಬೇಕಾಗುವುದು 134. ಅಂದರೆ ಶಟಲ್‌ಗೆ ಪ್ರತ್ಯೇಕ ಪಥ ಬಿಡದಿದ್ದರೆ ಎಷ್ಟು ಬಸ್ಸು ತಂದರೂ ಸಾಲದು. ಬೆಳಿಗ್ಗೆ ಜನ ಬಿಡಿಬಿಡಿಯಾಗಿ ಬರುತ್ತಾರೆ, ಸಂಜೆ ಹೊರಡುವಾಗ ಎಲ್ಲರೂ ಒಟ್ಟಿಗೇ ಏಳುತ್ತಾರೆ. ಮಗುವನ್ನು ಹೆಗಲಿಗೇರಿಸಿಕೊಂಡು, ನೀರಿನ ಬಾಟಲಿ ಖಾಲಿಯಾಗಿ ಬಿಸಿಲಲ್ಲಿ ನಿಂತವರಿಗೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆ, ಯಾವ ಮೈದಾನಕ್ಕೆ ಎಂದು ಹೇಳುವವರು ಅಲ್ಲಿರಬೇಕು. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಪರೀಕ್ಷೆ ಆ ಸಂಜೆಯದೇ.

ಇನ್ನೊಂದು ಮಾತು. ಜಕ್ಕೂರು, ಜಿಕೆವಿಕೆ ಎರಡೂ ಹೆಬ್ಬಾಳದಿಂದ ಆಚೆಗಿವೆ. ಪೂರ್ವ ಭಾಗದಿಂದ ಹೊರವರ್ತುಲ ರಸ್ತೆ ಹಿಡಿದು ಬಂದವರು ಹೆಬ್ಬಾಳದ ಇಕ್ಕಟ್ಟು ದಾಟಿದ ಮೇಲಷ್ಟೇ ಕಾರು ಬಿಡಬಹುದು. ಅಷ್ಟರಲ್ಲಿ ರಸ್ತೆಗೆ ಆಗಬೇಕಾದ ತೊಂದರೆ ಆಗಿಹೋಗಿರುತ್ತದೆ. ಗಾಡಿ ಬಿಟ್ಟು ಬಸ್ಸು ಹತ್ತಲು ಅನುವಾಗುವಂತೆ ಕಟ್ಟಿದ ದೊಮ್ಮಲೂರು ಟಿಟಿಎಂಸಿ ಬಸ್ ನಿಲ್ದಾಣ ಹೆಬ್ಬಾಳದ ಈಚೆಗೇ ಇದೆ, ಶಿವಾಜಿನಗರದ ಬಸ್ ನಿಲ್ದಾಣವೂ ಇದೆ. ಮುಂದಿನ ಪ್ರದರ್ಶನಕ್ಕೆ ಈ ಎರಡು ಕಡೆಗಳಿಂದ, ಕಮ್ಮನಹಳ್ಳಿಯ ಮಗ್ಗುಲಿನ ಹೊರವರ್ತುಲ ರಸ್ತೆಯಿಂದಲೂ ನೇರ ಬಸ್ಸು ಬಿಡಲಿ. ಬಿಎಂಟಿಸಿ ಮತ್ತು ಸಂಚಾರ ಪೊಲೀಸರು ಆ ವೇಳಾಪಟ್ಟಿಯನ್ನು ಟಿಕೆಟ್ ಮಾರಾಟಕ್ಕೆ ಮುಂಚೆಯೇ ಪ್ರಕಟಿಸಲಿ.