ಎರಡನೆಯ ಅಂಕಿಯನ್ನು ಮೊದಲು ಓದಿ

ಅಶೋಕ್ ಲೇಲ್ಯಾಂಡ್ 1980ರಲ್ಲಿ ಹೊಸೂರಿನಲ್ಲಿ ಕಾರ್ಖಾನೆ ಆರಂಭಿಸಿದಾಗ ಅಲ್ಲಿಂದ ಹೊರಬರುತ್ತಿದ್ದ ಲಾರಿಯ ಎಂಜಿನ್ನಿನಲ್ಲಿ ಕಂಪ್ಯೂಟರ್ ಇರಲಿಲ್ಲ. ಪಂಪು ಡೀಸೆಲನ್ನು ಅಳೆದು ಕೊಡುತ್ತಿತ್ತು, ಗವರ್ನರ್ ವೇಗವನ್ನು ಹಿಡಿತದಲ್ಲಿ ಇಡುತ್ತಿತ್ತು. ಏನಾದರೂ ಕೆಟ್ಟರೆ ಹೊಗೆಯ ಬಣ್ಣ, ಎಂಜಿನ್ನಿನ ಸದ್ದು, ಎಣ್ಣೆಯ ವಾಸನೆ ಇವೇ ಸುಳಿವು ಕೊಡುತ್ತಿದ್ದವು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಜಾರಿಗೆ ಬಂದ ಮೇಲೆ ಮಾರಾಟವಾಗುವ ಪ್ರತಿ ಭಾರಿ ಲಾರಿಯಲ್ಲೂ ಎಂಜಿನ್, ಹೊಗೆ ಶುದ್ಧಿ, ಬ್ರೇಕು ಎಲ್ಲಕ್ಕೂ ನಿಯಂತ್ರಣ ಪೆಟ್ಟಿಗೆಗಳಿವೆ. ಅವು ಜೋಡಿ ತಂತಿಗಳ ಮೇಲೆ ಸದಾ ಮಾತಾಡಿಕೊಳ್ಳುತ್ತಿರುತ್ತವೆ. ತಪ್ಪು ಕಂಡರೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಅಥವಾ ಕೆಂಪು ದೀಪ ಹತ್ತುತ್ತದೆ, ಸ್ಕ್ಯಾನರ್ ಚುಚ್ಚಿದರೆ ಅಂಕಿ ಬರುತ್ತದೆ. ನಾಟ್ರಾಂಪಾಳ್ಯದ ಕಡೆಯ ಲಾರಿಯೊಂದು ಕಂಪನಿಯ ಸರ್ವಿಸ್ ಸೆಂಟರ್ ಮುಟ್ಟಬೇಕಾದರೆ ಕಾಡಿನ ತಿರುವುಗಳನ್ನು ಹಾದು ಅಂಚೆಟ್ಟಿ, ಡೆಂಕಣಿಕೋಟೆ ದಾಟಿ ಹೊಸೂರಿಗೆ ಬರಬೇಕು. ಅಷ್ಟು ದೂರ ಬಂದ ಮೇಲೆ ಆ ಅಂಕಿಯನ್ನು ತಪ್ಪಾಗಿ ಓದಿದರೆ ಮಾಲೀಕನಿಗೆ ಹಣವೂ ಹೋಗುತ್ತದೆ, ಬಾಡಿಗೆಯೂ ಹೋಗುತ್ತದೆ. ತಪ್ಪು ಓದುವಿಕೆಯ ಮೂಲ ಒಂದೇ: ಅಂಕಿಯನ್ನು ಕೆಟ್ಟ ಬಿಡಿಭಾಗದ ಹೆಸರೆಂದು ತಿಳಿಯುವುದು. ಅದು ಬಿಡಿಭಾಗದ ಹೆಸರಲ್ಲ. ಕಂಪ್ಯೂಟರಿಗೆ ಬಂದ ಒಂದು ಅಳತೆ ಹೇಗೆ ಹದ ತಪ್ಪಿದೆ ಎಂಬ ವರದಿ.

ಭಾರಿ ವಾಹನಗಳ ಈ ಭಾಷೆಗೆ ಜೆ1939 ಎಂಬ ಮಾನಕವಿದೆ. ಅಮೆರಿಕದ ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇ ಅದನ್ನು ರೂಪಿಸಿತು. ಅದರ ಕೆಳಗಿರುವುದು ಬಾಷ್ ಕಂಪನಿ 1986ರಲ್ಲಿ ಲೋಕದ ಮುಂದಿಟ್ಟ ಕ್ಯಾನ್ ಎಂಬ ಸಂವಹನ ಪದ್ಧತಿ. ಪ್ರತಿ ದೋಷ ಸಂಕೇತವೂ 32 ಬಿಟ್‌ಗಳ ಒಂದು ಚಿಕ್ಕ ಪೊಟ್ಟಣ. ಅದರಲ್ಲಿ 19 ಬಿಟ್ ಎಸ್‌ಪಿಎನ್‌ಗೆ, ಅಂದರೆ ಯಾವ ಅಳತೆಯ ಮೇಲೆ ಅನುಮಾನ ಎಂಬುದಕ್ಕೆ. 5 ಬಿಟ್ ಎಫ್‌ಎಂಐಗೆ, ಅಂದರೆ ಆ ಅಳತೆ ಯಾವ ರೀತಿ ತಪ್ಪಿದೆ ಎಂಬುದಕ್ಕೆ. 7 ಬಿಟ್ ಇದು ಎಷ್ಟು ಸಲ ಬಂದು ಹೋಯಿತು ಎಂಬ ಎಣಿಕೆಗೆ, ಉಳಿದ ಒಂದು ಸಂಖ್ಯೆ ಜೋಡಿಸುವ ವಿಧಾನ ತಿಳಿಸಲು. ದೋಷ ಇರುವಷ್ಟು ಹೊತ್ತು ಕಂಪ್ಯೂಟರ್ ಈ ಸಂದೇಶವನ್ನು ಸೆಕೆಂಡಿಗೊಮ್ಮೆ ಸಾರುತ್ತಿರುತ್ತದೆ. ಎಸ್‌ಪಿಎನ್ 100 ಅಂದರೆ ಎಂಜಿನ್ ಆಯಿಲಿನ ಒತ್ತಡ, 110 ಅಂದರೆ ಕೂಲೆಂಟಿನ ಬಿಸಿ, 157 ಅಂದರೆ ಕಾಮನ್ ರೈಲಿನಲ್ಲಿ ಡೀಸೆಲ್ ಒತ್ತಡ. ಗ್ಯಾರೇಜುಗಳಲ್ಲಿ ಬಾಯಿಪಾಠವಾಗಿರುವುದು ಈ ಮೊದಲ ಅಂಕಿ. ಆದರೆ 0ರಿಂದ 31ರವರೆಗಿನ ಎರಡನೆಯ ಅಂಕಿಯಲ್ಲೇ ರೋಗದ ಜಾತಿ ಇರುವುದು. 3 ಮತ್ತು 4 ಬಂದರೆ ವೋಲ್ಟೇಜ್ ಮಿತಿ ಮೀರಿದೆ ಅಥವಾ ಮಿತಿಗಿಂತ ಇಳಿದಿದೆ. 5 ಮತ್ತು 6 ಬಂದರೆ ಕರೆಂಟಿನ ಹರಿವು ಕಡಿಮೆ ಅಥವಾ ಹೆಚ್ಚು. ಇವು ನಾಲ್ಕೂ ತಂತಿ, ಕಪ್ಲರ್, ಸೆನ್ಸರ್ ಇರುವ ವಿದ್ಯುತ್ ಲೋಕದ ಮಾತು. 0, 1, 15ರಿಂದ 18 ಬಂದರೆ ವಿಷಯವೇ ಬೇರೆ: ಅಳತೆಯನ್ನು ಕಂಪ್ಯೂಟರ್ ನಂಬಿದೆ, ಆದರೆ ಅಳೆದ ವಸ್ತುವೇ ಹೆಚ್ಚು ಅಥವಾ ಕಡಿಮೆಯಾಗಿದೆ ಅನ್ನುತ್ತಿದೆ.

ಈ ಭೇದ ಪುಸ್ತಕದ ಸೂಕ್ಷ್ಮವಲ್ಲ ಎಂಬುದಕ್ಕೆ ಕೂಲೆಂಟ್ ಸೆನ್ಸರೇ ಸಾಕ್ಷಿ. ಅದರೊಳಗೆ ಬಿಸಿಯಾದಷ್ಟೂ ಪ್ರತಿರೋಧ ಕಡಿಮೆಯಾಗುವ ಒಂದು ಚೂರು ವಸ್ತುವಿದೆ. ಕಂಪ್ಯೂಟರ್ ತನ್ನೊಳಗಿನ ಒಂದು ರೆಸಿಸ್ಟರ್ ಮೂಲಕ 5 ವೋಲ್ಟ್ ಕಳಿಸಿ, ತಂತಿಯಲ್ಲಿ ಎಷ್ಟು ಉಳಿಯಿತು ಎಂದು ನೋಡುತ್ತದೆ. ಎಂಜಿನ್ ಬಿಸಿಯಾದರೆ ವೋಲ್ಟೇಜ್ ಇಳಿಯುತ್ತದೆ, ತಣ್ಣಗಿದ್ದರೆ ಏರುತ್ತದೆ. ಈಗ ಇಲಿ ತಂತಿ ಕಡಿಯಿತು ಅನ್ನಿ. ಸೆನ್ಸರಿನ ಕಡೆಗೆ ಕರೆಂಟ್ ಹರಿಯುವುದೇ ಇಲ್ಲ, ಆದ್ದರಿಂದ ಕಂಪ್ಯೂಟರಿಗೆ ಪೂರ್ತಿ 5 ವೋಲ್ಟ್ ಕಾಣುತ್ತದೆ. ಸ್ಕ್ಯಾನರಿನಲ್ಲಿ ಬರುವುದು 110ರ ಜೊತೆಗೆ 3, ಅಂದರೆ ವೋಲ್ಟೇಜ್ ಹೆಚ್ಚು. ತುಂಡಾದ ತಂತಿ ಹೆಚ್ಚು ವೋಲ್ಟೇಜಿನ ವೇಷದಲ್ಲಿ ಬರುತ್ತದೆ ಎಂಬುದು ಗೊತ್ತಿಲ್ಲದವರು ಆಲ್ಟರ್ನೇಟರ್, ಬ್ಯಾಟರಿ ನೋಡುತ್ತ ಕೂರುತ್ತಾರೆ. ತಂತಿ ಉಜ್ಜಿ ಛಾಸಿಗೆ ತಗುಲಿದರೆ 4 ಬರುತ್ತದೆ. ಇವೆರಡರಲ್ಲೂ ಎಂಜಿನ್ ಬಿಸಿಯಾಗಿದೆಯೋ ಇಲ್ಲವೋ ಎಂಬ ಬಗ್ಗೆ ಸಂಕೇತ ಒಂದಕ್ಷರವನ್ನೂ ಹೇಳಿಲ್ಲ. 110ರ ಜೊತೆ 0 ಬಂದರೆ ಎಂಜಿನ್ ನಿಜವಾಗಿ ಕಾದಿದೆ, ಲಾರಿಯನ್ನು ಅಲ್ಲೇ ನಿಲ್ಲಿಸಬೇಕು. ಮೊದಲ ಅಂಕಿ ಒಂದೇ ಆಗಿದ್ದರೂ ಮಾಡಬೇಕಾದ ಕೆಲಸ ಮೂರೂ ಸಲ ಬೇರೆ ಬೇರೆ. ಸೆನ್ಸರ್ ಸರಿಯಿದೆಯೋ ಎಂದು ತಿಳಿಯಲು ದುಬಾರಿ ಉಪಕರಣವೂ ಬೇಡ. ಕಪ್ಲರ್ ಬಿಚ್ಚಿ, ವೈರಿಂಗ್ ಕಡೆಯ ಎರಡು ಪಿನ್ನುಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿದಾಗ 3 ಹೋಗಿ 4 ಬಂದರೆ ಕಂಪ್ಯೂಟರಿನವರೆಗೆ ವೈರಿಂಗ್ ಸರಿಯಿದೆ, ತಪ್ಪು ಸೆನ್ಸರಿನಲ್ಲೋ ಕಪ್ಲರಿನಲ್ಲೋ ಇದೆ. ಹಾಗೆ ಬದಲಾಗದಿದ್ದರೆ ಹೊಸ ಸೆನ್ಸರ್ ಹಾಕಿ ಪ್ರಯೋಜನವಿಲ್ಲ. ಹೀಗೆ ಸೇರಿಸಬಹುದಾದದ್ದು ಎರಡು ತಂತಿಯ ಉಷ್ಣತಾ ಸೆನ್ಸರಿನಲ್ಲಿ ಮಾತ್ರ. ಒತ್ತಡದ ಸೆನ್ಸರಿಗೆ ಮೂರು ತಂತಿ ಇರುತ್ತವೆ, ಅಲ್ಲಿ ಗೊತ್ತಿಲ್ಲದೆ ಸೇರಿಸಿದರೆ 5 ವೋಲ್ಟ್ ಸರಬರಾಜೇ ಅರ್ಥ್ ಆದೀತು.

ಆ 5 ವೋಲ್ಟ್ ಸರಬರಾಜನ್ನು ಹಲವು ಸೆನ್ಸರುಗಳು ಹಂಚಿಕೊಂಡಿರುತ್ತವೆ. ಒಂದು ಸೆನ್ಸರ್ ಒಳಗೇ ಶಾರ್ಟ್ ಆದರೆ ಆ ಸಾಲಿನ ಆಯಿಲ್ ಒತ್ತಡ, ಟರ್ಬೊ ಗಾಳಿಯ ಒತ್ತಡ (ಬೂಸ್ಟ್), ಡೀಸೆಲ್ ಒತ್ತಡ ಎಲ್ಲವೂ ಒಟ್ಟಿಗೆ ದೂರು ಕೊಡುತ್ತವೆ. ನಾಲ್ಕು ಸಂಕೇತ ಬಂತೆಂದು ನಾಲ್ಕು ಸೆನ್ಸರ್ ಬರೆದುಕೊಟ್ಟ ಚೀಟಿ ಮಾಲೀಕನಿಗೆ ಮಾಡುವ ಅನ್ಯಾಯ. ಒಟ್ಟಿಗೆ ಹುಟ್ಟಿದ ದೋಷಗಳಿಗೆ ಸಾಮಾನ್ಯ ಕಾರಣವನ್ನೇ ಮೊದಲು ಹುಡುಕಬೇಕು; ಸೆನ್ಸರ್ ಸರಬರಾಜಿಗೇ 3509 ಎಂಬ ಪ್ರತ್ಯೇಕ ಸಂಖ್ಯೆ ಇರುವುದು ಅದಕ್ಕಾಗಿಯೇ. ಎಣಿಕೆಯ ಅಂಕಿಯೂ ಇಲ್ಲಿ ನೆರವಿಗೆ ಬರುತ್ತದೆ. ಒಮ್ಮೆ ಬಂದು ನಿಂತೇ ಇರುವ ದೋಷ ಒಂದು ಬಗೆ. ಐವತ್ತು ಸಲ ಬಂದು ಹೋದದ್ದು ಇನ್ನೊಂದು ಬಗೆ. ಗುಂಡಿಯ ರಸ್ತೆಯಲ್ಲಿ ಗ್ರಾನೈಟ್ ಹೇರಿಕೊಂಡು ಓಡುವ ಲಾರಿಯಲ್ಲಿ ಎರಡನೆಯದು ಬಂದರೆ ಸಡಿಲ ಪಿನ್ನು, ಹಸಿರು ಹಿಡಿದ ಕಪ್ಲರ್, ಉಜ್ಜಿದ ವೈರಿಂಗ್ ಇವೇ ಮೊದಲ ಗುಮಾನಿ.

ಇನ್ನು ಅಳೆದ ವಸ್ತುವೇ ಹದ ತಪ್ಪಿದೆ ಎನ್ನುವ ಎರಡನೆಯ ಜಾತಿಯ ಸಂಕೇತಕ್ಕೆ ಬರೋಣ. ಕೃಷ್ಣಗಿರಿಯಿಂದ ಶೂಲಗಿರಿ ಹಾದು ಹೊಸೂರಿಗೆ ಏರುವ ಹೆದ್ದಾರಿಯಲ್ಲಿ ಲೋಡ್ ಲಾರಿಗೆ ಪಿಕಪ್ ಸಾಲದೆ 102ರ ಜೊತೆ 18 ಬಂತು ಎಂದಿಟ್ಟುಕೊಳ್ಳಿ. 102 ಎಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, 18 ಎಂದರೆ ಇರಬೇಕಾದ್ದಕ್ಕಿಂತ ಸಾಧಾರಣ ಮಟ್ಟಿಗೆ ಕಡಿಮೆ. ಸೆನ್ಸರಿನ ವಿದ್ಯುತ್ ಸರಿಯಿದೆ ಎಂದು ಕಂಪ್ಯೂಟರೇ ಒಪ್ಪಿರುವಾಗ ಸೆನ್ಸರ್ ಬದಲಿಸುವುದಕ್ಕೆ ಆಧಾರವೇ ಇಲ್ಲ. ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ಹೋಸಿನ ಕ್ಲಾಂಪ್ ಸಡಿಲವಾಗಿ ಗಾಳಿ ಸೋರುತ್ತಿರಬಹುದು, ಏರ್ ಫಿಲ್ಟರ್ ಧೂಳಿನಿಂದ ಕಟ್ಟಿರಬಹುದು, ಟರ್ಬೊವೇ ಸೋತಿರಬಹುದು. ಹಾಗಿದ್ದರೂ ಸೆನ್ಸರ್ ಒಳಗೊಳಗೇ ಸುಳ್ಳು ಅಂಕಿ ಕೊಡುತ್ತಿದ್ದರೆ ಎಂಬ ಪ್ರಶ್ನೆ ನ್ಯಾಯವಾದದ್ದೇ, ಅದನ್ನು ಪರೀಕ್ಷಿಸಲೂಬಹುದು. ಎಂಜಿನ್ ನಿಲ್ಲಿಸಿ ಕೀ ಮಾತ್ರ ಆನ್ ಮಾಡಿದಾಗ ಬೂಸ್ಟ್ ಸೊನ್ನೆಯ ಹತ್ತಿರ ಇರಬೇಕು. ಸ್ಕ್ಯಾನರ್ ನಿರಪೇಕ್ಷ ಒತ್ತಡ ತೋರಿಸುವಂಥದ್ದಾದರೆ ಹೊರಗಾಳಿಯ ಒತ್ತಡದಷ್ಟೇ ತೋರಿಸಬೇಕು. ಸಮುದ್ರಮಟ್ಟದಲ್ಲಿ ಅದು ಸುಮಾರು 101 ಕಿಲೊಪ್ಯಾಸ್ಕಲ್. ಸುಮಾರು 900 ಮೀಟರ್ ಎತ್ತರದ ಹೊಸೂರಿನಲ್ಲಿ 91ರ ಆಸುಪಾಸು. ಅಷ್ಟು ತೋರಿಸುವ ಸೆನ್ಸರನ್ನು ನಂಬಿ ಹೋಸಿನ ಕಡೆ ತಿರುಗುವುದೇ ಸರಿ.

ಅಂಕಿ ಬಿಡಿಭಾಗದ ಹೆಸರಲ್ಲ ಎಂಬ ಮಾತಿಗೆ ಅತ್ಯಂತ ಗಟ್ಟಿ ಪುರಾವೆ 4364. ಅದರ ಅರ್ಥ ಹೊಗೆ ಶುದ್ಧಿ ಮಾಡುವ ಎಸ್‌ಸಿಆರ್ ವ್ಯವಸ್ಥೆಯ ಪರಿವರ್ತನಾ ಸಾಮರ್ಥ್ಯ. ಆ ಹೆಸರಿನ ಬಿಡಿಭಾಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡನ್ನು (ನಾಕ್ಸ್) ಕಡಿಮೆ ಮಾಡಲು ಶೇ 32.5 ಯೂರಿಯಾ ಇರುವ ಡೆಫ್ ದ್ರವವನ್ನು ಬಿಸಿ ಹೊಗೆಗೆ ಸಿಂಪಡಿಸುತ್ತಾರೆ. ಅದು ಅಮೋನಿಯಾ ಆಗಿ ಕ್ಯಾಟಲಿಸ್ಟಿನಲ್ಲಿ ಕೆಲಸ ಮಾಡುತ್ತದೆ. ಮುಂದೊಂದು, ಹಿಂದೊಂದು ನಾಕ್ಸ್ ಸೆನ್ಸರ್ ಕೊಟ್ಟ ಅಳತೆಗಳಿಂದ ಕಂಪ್ಯೂಟರ್ ಲೆಕ್ಕ ಹಾಕಿ ತೆಗೆದ ಅನುಪಾತವೇ 4364. ಅದು ಕುಸಿದರೆ ಕಾರಣ ನೀರು ಬೆರೆತ ಡೆಫ್ ಆಗಿರಬಹುದು, ಬಿಸಿಲಲ್ಲಿ ತಿಂಗಳುಗಟ್ಟಲೆ ಇಟ್ಟು ಕೆಟ್ಟ ಡೆಫ್ ಆಗಿರಬಹುದು, ನಳಿಕೆಯಲ್ಲಿ ಗಟ್ಟಿಯಾದ ಯೂರಿಯಾ ಆಗಿರಬಹುದು, ಪೈಪಿನ ಸೋರಿಕೆ ಆಗಿರಬಹುದು. ಹಿಂದಿನ ನಾಕ್ಸ್ ಸೆನ್ಸರ್ ಅಮೋನಿಯಾವನ್ನೂ ನಾಕ್ಸ್ ಎಂದೇ ಎಣಿಸುವುದರಿಂದ, ಡೆಫ್ ಹೆಚ್ಚಾಗಿ ಸಿಂಪಡಣೆಯಾದಾಗಲೂ ಸಾಮರ್ಥ್ಯ ಕುಸಿದಂತೆ ಕಾಣುತ್ತದೆ. ದುಬಾರಿಯಾದ ಕ್ಯಾಟಲಿಸ್ಟ್ ನಿಜಕ್ಕೂ ಸತ್ತಿರುವುದು ಈ ಪಟ್ಟಿಯ ಕೊನೆಯಲ್ಲಿ ನೋಡಬೇಕಾದ ಸಂಗತಿ. ಕಡೆಗಣಿಸಿ ಓಡಿಸಿದರೆ ಲಾರಿಯೇ ತಡೆಯುತ್ತದೆ: ಭಾರತ್ ಸ್ಟೇಜ್ 6ಕ್ಕೆ ಮಾದರಿಯಾದ ಯೂರೋ 6 ನಿಯಮದಲ್ಲಿ ಇಂಥ ದೋಷಕ್ಕೆ ಮೊದಲು ಎಂಜಿನ್ನಿನ ಟಾರ್ಕ್ ಶೇ 25ರಷ್ಟು ಕಡಿತ, ಮುಂದೆ ಗಂಟೆಗೆ 20 ಕಿಲೊಮೀಟರಿನ ಮಿತಿ.

ಅನುಭವಿ ಮೇಸ್ತ್ರಿಯ ಕಿವಿ ಮುಂದೆ ಈ ಅಂಕಿಗಳೇಕೆ ಎನ್ನುವವರಿದ್ದಾರೆ. ಆ ಕಿವಿಯ ಬಗ್ಗೆ ನನಗೆ ದೊಡ್ಡ ಗೌರವವಿದೆ. ಬೇರಿಂಗ್ ಸದ್ದು, ಟ್ಯಾಪೆಟ್ ಸದ್ದು ಹಿಡಿಯಲು ಇಂದಿಗೂ ಅದಕ್ಕೆ ಸಾಟಿಯಿಲ್ಲ. ಆದರೆ ಭಾರತ್ ಸ್ಟೇಜ್ 4ರಲ್ಲಿ ಪ್ರತಿ ಕಿಲೊವ್ಯಾಟ್-ಗಂಟೆಗೆ 3.5 ಗ್ರಾಂ ಇದ್ದ ನೈಟ್ರೋಜನ್ ಆಕ್ಸೈಡ್ ಮಿತಿ 6ರಲ್ಲಿ ಸುಮಾರು 0.4ಕ್ಕೆ ಇಳಿದಿದೆ. ಈ ವ್ಯತ್ಯಾಸ ಯಾವ ಕಿವಿಗೂ ಕೇಳುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಇನ್ನೊಂದು ಆಕ್ಷೇಪ: ಸೆನ್ಸರ್ ಬದಲಿಸಿದರೆ ಎಷ್ಟೋ ಸಲ ಲಾರಿ ಸರಿಯಾಗುತ್ತದಲ್ಲ? ಆಗುತ್ತದೆ, ಸೆನ್ಸರುಗಳೂ ಕೆಡುತ್ತವೆ. ಆದರೆ ಹಲವು ಸಲ ಸರಿಯಾಗುವುದು ಬದಲಿಸುವಾಗ ಕಪ್ಲರ್ ಬಿಚ್ಚಿ ಹಾಕಿದ್ದರಿಂದ. ಪಿನ್ನು ಉಜ್ಜಿಕೊಂಡು ಸಂಪರ್ಕ ಮರಳುತ್ತದೆ, ಕೆಲವು ದಿನಕ್ಕೆ ದೀಪ ಮತ್ತೆ ಹತ್ತುತ್ತದೆ.

ಮೂರನೆಯ ಆಕ್ಷೇಪ ನನ್ನ ಮಟ್ಟಿಗೆ ಅತಿ ಭಾರದ್ದು: ಇದೆಲ್ಲ ಲಾರಿಯನ್ನು ಕಂಪನಿಯ ಸರ್ವಿಸ್ ಸೆಂಟರಿಗೇ ಎಳೆಯುವ ಉಪಾಯ ಎಂಬುದು. ಅದರಲ್ಲಿ ಸತ್ಯಾಂಶವಿದೆ. ಜೆ1939ರ ಸಾಮಾನ್ಯ ಸಂಕೇತಗಳು ಎಲ್ಲ ಕಂಪನಿಗೂ ಒಂದೇ. ಆದರೆ 520192ರಿಂದ ಮೇಲಿನ ಸಂಖ್ಯೆಗಳನ್ನು ಕಂಪನಿಗಳ ಸ್ವಂತ ಬಳಕೆಗೆ ಬಿಡಲಾಗಿದೆ, ಅವುಗಳ ಅರ್ಥ ಕಂಪನಿಯ ಕೈಪಿಡಿಯಲ್ಲಿ ಮಾತ್ರ ಇರುತ್ತದೆ. ಕೆಲವು ಬಿಡಿಭಾಗಗಳನ್ನು ಕಂಪನಿಯ ಸಾಫ್ಟ್‌ವೇರ್ ಒಪ್ಪದೆ ಎಂಜಿನ್ ಒಪ್ಪುವುದಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿಗಾಗಿ ಸಮಿತಿ ರಚಿಸಿತು, ಅದರ ವ್ಯಾಪ್ತಿಯಲ್ಲಿ ವಾಹನಗಳೂ ಇದ್ದವು. ಆ ಹಕ್ಕು ಕಾನೂನಿನ ಬಲ ಪಡೆದು, ದೋಷ ಪತ್ತೆಯ ಕೈಪಿಡಿಗಳು ಸಣ್ಣ ಗ್ಯಾರೇಜಿಗೂ ಸಿಗುವಂತಾಗಬೇಕು. ಆದರೆ ಬೀಗ ಹಾಕಿದ ಭಾಗವಿದೆ ಎಂದು ತೆರೆದ ಭಾಗವನ್ನೂ ಓದದಿರುವುದು ತಪ್ಪು ವಾದ. ಆಯಿಲ್ ಒತ್ತಡ, ಕೂಲೆಂಟ್, ಬೂಸ್ಟ್, ಡೆಫ್ ಮಟ್ಟ ಎಲ್ಲವೂ ತೆರೆದ ಭಾಗದಲ್ಲೇ ಇವೆ. ಇವನ್ನು ಓದಲು ಬೇಕಾದದ್ದು ಸಾಧಾರಣ ಸ್ಕ್ಯಾನರ್, ಒಂದು ಮಲ್ಟಿಮೀಟರ್ ಮತ್ತು 32 ಸಾಲಿನ ಒಂದು ಪಟ್ಟಿ. ಆ ಪಟ್ಟಿಯನ್ನು ಹೊಸೂರಿನ ಈ ಗಡಿಭಾಗದ ಹುಡುಗರು ಮನೆಯಲ್ಲಾಡುವ ಕನ್ನಡದಲ್ಲೂ ತೆಲುಗಿನಲ್ಲೂ, ಹೊರಗೆ ಓದುವ ತಮಿಳಿನಲ್ಲೂ ಅಚ್ಚು ಹಾಕಿ ಐಟಿಐಗಳ ಗೋಡೆಗೆ ಅಂಟಿಸುವುದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

ಲಾರಿ ಮಾಲೀಕರಲ್ಲಿ, ಚಾಲಕರಲ್ಲಿ ಒಂದು ವಿನಂತಿ. ಸ್ಕ್ಯಾನರ್ ಹಾಕಿದ ಕೂಡಲೇ ಎರರ್ ಅಳಿಸಲು ಬಿಡಬೇಡಿ. ದೋಷ ಬಂದ ಕ್ಷಣದ ವೇಗ, ಲೋಡು, ಬಿಸಿ ಇವನ್ನು ಕಂಪ್ಯೂಟರ್ ಹಿಡಿದಿಟ್ಟಿರುತ್ತದೆ, ಅಳಿಸಿದರೆ ಅವೂ ಹೋಗುತ್ತವೆ. ಮೊದಲು ಪರದೆಯ ಫೋಟೊ ತೆಗೆದುಕೊಳ್ಳಿ; ಎಸ್‌ಪಿಎನ್, ಎಫ್‌ಎಂಐ, ಎಣಿಕೆ ಮೂರೂ ಅದರಲ್ಲಿ ಕಾಣಲಿ. ಯಾರಾದರೂ ಹೊಸ ಬಿಡಿಭಾಗ ತರಲು ಹೇಳಿದರೆ ಎರಡನೆಯ ಅಂಕಿ ಎಷ್ಟಿತ್ತು ಎಂದು ಕೇಳಿ.